ಪೇಷೆಂಟ್ ಕಡೆಯವರು ಯಾರು?

ತಾಲ್ಲೂಕು ಕಚೇರಿ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡವರಿಗೆ ಊರಿನ ಅರ್ಧ ಮನೆಗಳ ವಿಷಯ ತಾನಾಗಿಯೇ ಗೊತ್ತಾಗುತ್ತದೆ. ನಾವೇನೂ ಕೇಳುವುದಿಲ್ಲ, ಕಾಗದಗಳೇ ಹೇಳುತ್ತವೆ. ಪಹಣಿ, ಮ್ಯುಟೇಶನ್ ತಂದವರ ಮನೆಯಲ್ಲಿ ಭಾಗದ ಮಾತು ನಡೆಯುತ್ತಿದೆ. ಜಾತಿ, ಆದಾಯದ ಪ್ರಮಾಣಪತ್ರ ತಂದವರ ಮಗಳು ಕಾಲೇಜು ಸೇರುತ್ತಿದ್ದಾಳೆ. ಇವರಲ್ಲದೆ ಇನ್ನೊಂದು ಬಗೆಯ ಗಿರಾಕಿಗಳಿದ್ದಾರೆ. ಜವಳಿ ಅಂಗಡಿಯ ದಪ್ಪ ಪ್ಲಾಸ್ಟಿಕ್ ಕವರ್. ಅದರೊಳಗೆ ಹಳೇ ಒಪಿಡಿ ಚೀಟಿ, ಡಿಸ್ಚಾರ್ಜ್ ಸಮ್ಮರಿ, ರಕ್ತ ಪರೀಕ್ಷೆಯ ರಿಪೋರ್ಟು, ಆಧಾರ್, ರೇಷನ್ ಕಾರ್ಡು, ಒಂದಿಷ್ಟು ಪಾಸ್‌ಪೋರ್ಟ್ ಸೈಜಿನ ಫೋಟೋ. ಫೋಟೋದಲ್ಲಿರುವುದು ಅವರಲ್ಲ. ಅಣ್ಣ, ಮಗಳು, ಅತ್ತೆ, ಗಂಡ, ಹೀಗೆ ಯಾರೋ. 'ಎಲ್ಲದರದ್ದೂ ಎರಡೆರಡು ಕಾಪಿ ಹಾಕಿ ಅಕ್ಕಾ, ಏನು ಕೇಳ್ತಾರೋ ಏನೋ' ಅನ್ನುತ್ತಾರೆ.

ಇವರನ್ನು ನೋಡಿದ ಕೂಡಲೇ ನನಗೆ ಗುರುತು ಸಿಗುತ್ತದೆ. ನಮ್ಮನೆಯ ಬೀರುವಿನಲ್ಲೂ ಅಂಥದ್ದೇ ಕವರ್ ಇದೆ. ನಮ್ಮದರಲ್ಲಿರುವ ಫೋಟೋ ನನ್ನ ತಮ್ಮನದು.

ಅವನಿಗೆ ಸ್ಕಿಜೋಫ್ರೇನಿಯಾ. ಹಾಸನದಲ್ಲಿ ಡಿಪ್ಲೊಮಾ ಕೊನೇ ವರ್ಷದಲ್ಲಿದ್ದಾಗ ಶುರುವಾಯಿತು. ಹಾಸ್ಟೆಲ್ ಫ್ಯಾನಿನ ಸದ್ದಿನಲ್ಲಿ ಯಾರೋ ಬೈತಾರೆ ಅಂತ ಹೇಳಿ, ಪರೀಕ್ಷೆಗೆ ಕೂರದೆ ಅರಸೀಕೆರೆಗೆ ವಾಪಸ್ ಬಂದ. ಅಪ್ಪ ರೈಲ್ವೆಯಲ್ಲಿದ್ದರು, ಕ್ವಾರ್ಟರ್ಸಿನಲ್ಲಿದ್ದೆವು. ಅಕ್ಕಪಕ್ಕದವರು ಹೇಳಿದ್ದನ್ನೆಲ್ಲ ಮಾಡಿದೆವು. ಗಾಣಗಾಪುರಕ್ಕೂ ಹೋಗಿ ಬಂದೆವು. ಅದನ್ನು ನಾನು ಹೀಯಾಳಿಸುವುದಿಲ್ಲ. ಅಲ್ಲಿ ನಮ್ಮಂತೆಯೇ ಒಬ್ಬೊಬ್ಬರನ್ನು ಕೈಹಿಡಿದು ಕರೆತಂದವರು ಸಾಲುಸಾಲು ಕೂತಿದ್ದರು. ನಾವೊಬ್ಬರೇ ಅಲ್ಲ ಅಂತ ಅಮ್ಮನಿಗೆ ಮೊದಲು ಅನಿಸಿದ್ದು ಅಲ್ಲೇ. ಆಮೇಲೆ ನಿಮ್ಹಾನ್ಸ್, ಮಾತ್ರೆ, ಮಾತ್ರೆ ಬಿಟ್ಟಿದ್ದು, ಮತ್ತೆ ನಿಮ್ಹಾನ್ಸ್. ಈಗ ತಿಂಗಳಿಗೊಂದು ಇಂಜೆಕ್ಷನ್, ರಾತ್ರಿ ಮಾತ್ರೆ. ಸಂಜೆ ಹೊತ್ತು ಅಂಗಡಿಗೆ ಬಂದು ಸ್ಟೇಪ್ಲರ್ ಹಿಡಿದು ಕೂರುತ್ತಾನೆ. ಅವನು ಪಿನ್ ಹೊಡೆದ ಕಾಗದದ ಮೂಲೆ ಒಂದಕ್ಕೊಂದು ಒಂದು ಕೂದಲಷ್ಟೂ ಆಚೀಚೆ ಇರುವುದಿಲ್ಲ. ಮನಸ್ಸು ಸರಿಯಿಲ್ಲದ ವಾರ ಬರುವುದಿಲ್ಲ, ಅಷ್ಟೇ.

ಅಪ್ಪ ತೀರಿಕೊಂಡ ಮೇಲೆ ಅಮ್ಮ, ತಮ್ಮ ಇಬ್ಬರೂ ನಮ್ಮ ಜೊತೆ ಇದ್ದಾರೆ. ನನ್ನ ಗಂಡ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್.

ಇದೆಲ್ಲ ಯಾಕೆ ಹೇಳಿದೆ ಅಂದರೆ, ಕವರ್ ಹಿಡಿದು ಬಂದವರು ಕಾಪಿ ತೆಗೆಸಿಕೊಂಡು ಹಾಗೇ ನಿಲ್ಲುತ್ತಾರೆ. 'ನಮಗೆ ಏನಾದ್ರೂ ಸಹಾಯ ಸಿಗುತ್ತಾ?' ಅಂತ ಕೇಳುತ್ತಾರೆ. ದಿನಾ ಒಬ್ಬೊಬ್ಬರಿಗೆ ಬಾಯಲ್ಲಿ ಹೇಳುವುದನ್ನು ಇಲ್ಲಿ ಬರೆದಿಡೋಣ ಅನ್ನಿಸಿತು.

ಮೊದಲೇ ಒಂದು ಮಾತು. ಆಸ್ಪತ್ರೆಯಲ್ಲಿ ನಮಗೆ ಹೆಸರಿಲ್ಲ. 'ಪೇಷೆಂಟ್ ಕಡೆಯವರು ಯಾರು?' ಅಂತ ಕೂಗಿದಾಗ ಎದ್ದು ಹೋಗುವವರು ನಾವು. ಒಪಿ ನಂಬರ್ ಇರುವುದು ಪೇಷೆಂಟಿಗೆ. ಮನೆಯಲ್ಲಿ ನೋಡಿಕೊಳ್ಳುವವರಿಗೆ ಅಂತ ಬೋರ್ಡ್ ಹಾಕಿದ ಕೌಂಟರ್ ಯಾವ ಕಚೇರಿಯಲ್ಲೂ ನಾನು ಕಂಡಿಲ್ಲ. ಕಾನೂನಿನಲ್ಲಿ ನಾವು ಇದ್ದೇವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೂ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ 'ಕೇರ್ ಗಿವರ್' ಅಂದರೆ ಯಾರು ಅಂತ ಬರೆದಿದ್ದಾರೆ, ಸಂಬಳವಿಲ್ಲದೆ ನೋಡಿಕೊಳ್ಳುವವರೂ ಅದರಲ್ಲಿ ಸೇರುತ್ತಾರೆ. ಆದರೆ ಕೌಂಟರ್ ಇಲ್ಲ. ಹಾಗಾಗಿ 'ನಮಗೆ ಸಹಾಯ' ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಪೇಷೆಂಟ್ ಹೆಸರಿನಲ್ಲಿ ತೆರೆದಿರುವ ಬಾಗಿಲುಗಳಲ್ಲೇ ಒಳಗೆ ಹೋಗಿ, ನಮಗೂ ಏನಿದೆ ಅಂತ ಬಾಯಿಬಿಟ್ಟು ಕೇಳಬೇಕು.

ಕೇಳಬೇಕಾದ್ದು ಯಾರನ್ನ ಅನ್ನುವುದೇ ಮುಖ್ಯ. ನನ್ನ ಅನುಭವದಲ್ಲಿ ಡಾಕ್ಟರನ್ನಲ್ಲ. ಡಾಕ್ಟರಿಗೆ ಹೊರಗೆ ನೂರು ಜನ ಕಾಯುತ್ತಿರುತ್ತಾರೆ. ಸೋಷಿಯಲ್ ವರ್ಕರನ್ನು ಕೇಳಿ.

ನಿಮ್ಹಾನ್ಸ್‌ನಲ್ಲಿ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಅಂತಲೇ ಒಂದು ವಿಭಾಗ ಇದೆ. ಅಪ್ಪ ಇದ್ದಷ್ಟು ದಿನ ಅವರೇ ತಮ್ಮನನ್ನು ಕರೆದುಕೊಂಡು ಹೋಗುತ್ತಿದ್ದರು, ಚೀಟಿ ಬರೆಸಿ ಮಾತ್ರೆ ತಂದರೆ ಮುಗಿಯಿತು. ನಾನು ಹೋಗಲು ಶುರುಮಾಡಿದ ಮೇಲೆ ಡಾಕ್ಟರೇ ಆ ಕಡೆ ಕಳಿಸಿದರು. ಅಲ್ಲಿದ್ದ ಸೋಷಿಯಲ್ ವರ್ಕರ್ ಚಿಕ್ಕ ವಯಸ್ಸಿನ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ತಮ್ಮನ ಹತ್ತಿರ ಮೊದಲು ಮಾತಾಡಿದಳು. ಆಮೇಲೆ ನನ್ನ ಗಂಡನಿಗೆ, 'ಸರ್, ಇವರನ್ನು ಕರ್ಕೊಂಡು ಹೋಗಿ ಟೀ ಕುಡ್ಕೊಂಡು ಬನ್ನಿ' ಅಂದಳು. ನನ್ನನ್ನು ಕೂರಿಸಿಕೊಂಡು ಒಂದು ಬಿಳಿ ಹಾಳೆಯಲ್ಲಿ ಚಿತ್ರ ಬರೆಯಲು ಶುರುಮಾಡಿದಳು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ನಾವು, ನನ್ನ ಮಗಳು. ಅಪ್ಪನ ಚೌಕಕ್ಕೆ ಅಡ್ಡಗೆರೆ. ಆಮೇಲೆ ಒಂದೊಂದೇ ಪ್ರಶ್ನೆ. ಮಾತ್ರೆ ಯಾರು ಕೊಡುತ್ತಾರೆ? ಅವನಿಗೆ ಕೋಪ ಬಂದಾಗ ಯಾರ ಮಾತು ಕೇಳುತ್ತಾನೆ? ದುಡ್ಡು ಯಾರದು? ನಿಮಗೆ ಜ್ವರ ಬಂದರೆ ಅಡುಗೆ ಯಾರು ಮಾಡುತ್ತಾರೆ? ನೀವು ಹೇಳಿಕೊಳ್ಳುವುದು ಯಾರ ಹತ್ತಿರ? ಉತ್ತರ ಹೇಳಿದ ಹಾಗೆಲ್ಲ ಗೆರೆ ಎಳೆಯುತ್ತಾ ಹೋದಳು. ಮುಗಿಯುವ ಹೊತ್ತಿಗೆ ಗೆರೆಗಳೆಲ್ಲ ನನ್ನ ಸೊನ್ನೆಗೆ ಬಂದು ಸೇರಿದ್ದವು. ಅವಳು ಏನೂ ಹೇಳಲಿಲ್ಲ, ಹಾಳೆಯನ್ನು ನನ್ನ ಕಡೆ ತಿರುಗಿಸಿದಳು ಅಷ್ಟೇ.

ಆಮೇಲೆ ಒಂದು ಚೀಟಿಯ ಹಿಂಭಾಗದಲ್ಲಿ ಬರೆದುಕೊಟ್ಟಳು: ಯುಡಿಐಡಿ ಕಾರ್ಡ್, ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ, ಅಮ್ಮನ ಪೆನ್ಷನ್ ಬುಕ್ಕಿನಲ್ಲಿ ತಮ್ಮನ ಹೆಸರು, ಮಂಗಳವಾರದ ಕ್ಲಿನಿಕ್. ಆ ಚೀಟಿಯಿಂದ ನಮಗೆ ಆದಷ್ಟು ಉಪಕಾರ ಅದಕ್ಕೆ ಮುಂಚಿನ ಅಷ್ಟೂ ವರ್ಷಗಳ ಫೈಲಿನಿಂದ ಆಗಿರಲಿಲ್ಲ.

ಆಮೇಲೆ ಓದುವಾಗ ಗೊತ್ತಾಯಿತು, ನಮ್ಮ ದೇಶದಲ್ಲಿ ಮನೆಯವರನ್ನೂ ಮಾನಸಿಕ ಆಸ್ಪತ್ರೆಯೊಳಗೆ ಸೇರಿಸಿಕೊಂಡವರಲ್ಲಿ ಮೊದಲಿಗರು ಅಮೃತಸರದ ಡಾಕ್ಟರ್ ವಿದ್ಯಾಸಾಗರ್ ಅಂತ. 1950ರ ದಶಕದಲ್ಲೇ ಆಸ್ಪತ್ರೆ ಅಂಗಳದಲ್ಲಿ ಟೆಂಟ್ ಹಾಕಿಸಿ ಮನೆಯವರನ್ನು ಪೇಷೆಂಟ್ ಜೊತೆ ಇರಿಸುತ್ತಿದ್ದರಂತೆ. ಅಷ್ಟು ಹಿಂದೆಯೇ ಯಾರಿಗೋ ಹೊಳೆದಿತ್ತಲ್ಲ ಅಂತ ಖುಷಿಯಾಯಿತು.

ಈಗ ಚೀಟಿಯಲ್ಲಿದ್ದ ಒಂದೊಂದೇ ವಿಷಯ.

ಮಂಗಳವಾರದ ಕ್ಲಿನಿಕ್ ಅಂದರೆ ಮನೋಚೈತನ್ಯ. 2014ರಲ್ಲಿ ಕರ್ನಾಟಕ ಸರ್ಕಾರ ಶುರುಮಾಡಿದ್ದು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಪ್ರತಿ ತಿಂಗಳೂ ಬೆಂಗಳೂರಿನ ರೈಲು ಹತ್ತುವ ಕೆಲಸ ತಪ್ಪುತ್ತದೆ, ಅದೇ ದೊಡ್ಡದು. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಬರುತ್ತಾರೆ ಅಂತ ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ, ಆಶಾ ಕಾರ್ಯಕರ್ತೆಯರಿಗೂ ಗೊತ್ತಿರುತ್ತದೆ. ದೊಡ್ಡ ಆಸ್ಪತ್ರೆಯ ಚೀಟಿಯನ್ನು ತೋರಿಸಿದರೆ ಅದೇ ಔಷಧಿ ಮುಂದುವರಿಸುತ್ತಾರೆ. ಕ್ಲೋಜಪಿನ್ ಅನ್ನುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ರಕ್ತ ಪರೀಕ್ಷೆ ತಪ್ಪಿಸಬಾರದು, ಮೊದಲ 18 ವಾರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಊರಲ್ಲಿ ಮಾತ್ರೆ ಸಿಕ್ಕಿತು ಅಂತ ಪರೀಕ್ಷೆ ಬಿಡುವವರನ್ನು ನೋಡಿದ್ದೇನೆ, ಅದಕ್ಕೆ ಹೇಳಿದೆ.

ಯುಡಿಐಡಿ ಅಂದರೆ ವಿಕಲಚೇತನರ ಗುರುತಿನ ಚೀಟಿ. ಕೈಕಾಲು, ಕಣ್ಣು, ಕಿವಿಗೆ ಮಾತ್ರ ಅಂತ ಜನ ಅಂದುಕೊಂಡಿದ್ದಾರೆ. 2016ರ ಕಾಯ್ದೆಯಲ್ಲಿ 21 ಬಗೆ ಇವೆ. ಮಾನಸಿಕ ಕಾಯಿಲೆ, ಪಾರ್ಕಿನ್ಸನ್, ಆಟಿಸಂ ಎಲ್ಲ ಅದರಲ್ಲಿವೆ. ಅರ್ಜಿ ಆನ್‌ಲೈನ್, ತಪಾಸಣೆ ಆಸ್ಪತ್ರೆಯಲ್ಲಿ. ಶೇ 40ಕ್ಕಿಂತ ಕಡಿಮೆ ಬಂದರೆ ಬಿಳಿ ಕಾರ್ಡು, 40ರಿಂದ ಮೇಲೆ ಹಳದಿ, 80ರಿಂದ ಮೇಲೆ ನೀಲಿ. ಬಹುತೇಕ ಸೌಲಭ್ಯಗಳು ಶುರುವಾಗುವುದೇ 40ರಿಂದ.

ನಮ್ಮ ತಪಾಸಣೆ ಹಾಸನದಲ್ಲಾಯಿತು. ಮಾನಸಿಕ ಕಾಯಿಲೆಗೆ ಶೇಕಡಾ ಲೆಕ್ಕ ಹಾಕಲು ಐಡಿಯಾಸ್ ಅನ್ನುವ ಒಂದು ಅಳತೆ ಇದೆ. ನಾಲ್ಕು ವಿಷಯ ನೋಡುತ್ತಾರೆ: ತನ್ನನ್ನು ತಾನು ನೋಡಿಕೊಳ್ಳುವುದು, ಜನರ ಜೊತೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ಕೆಲಸ. ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಕಾಯಿಲೆ ಎಷ್ಟು ವರ್ಷದ್ದು ಅನ್ನುವುದಕ್ಕೂ ಅಂಕ ಇದೆ. ಇಲ್ಲಿ ಜಾಸ್ತಿ ಅಂಕ ಬಂದಷ್ಟೂ ತೊಂದರೆ ಜಾಸ್ತಿ ಅಂತ ಅರ್ಥ. ಇದು ಅಮ್ಮನಿಗೆ ಗೊತ್ತಿರಲಿಲ್ಲ.

'ಸ್ನಾನ ತಾನೇ ಮಾಡ್ತಾನಾ ಅಮ್ಮಾ?' ಅಂತ ಡಾಕ್ಟರ್ ಕೇಳಿದರು.

'ಮಾಡ್ತಾನೆ ಸ್ವಾಮಿ. ದಿನಾ ಮಾಡ್ತಾನೆ. ನಮ್ಮ ಹುಡುಗ ಬಹಳ ಶುಚಿ.'

'ಊಟ, ಬಟ್ಟೆ?'

'ಎಲ್ಲಾ ಅವನದ್ದು ಅವನೇ. ಒಂದು ದಿನ ಯಾರಿಗೂ ತೊಂದ್ರೆ ಕೊಟ್ಟವನಲ್ಲ.'

ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ ಕೂತಿದ್ದರು ಅಮ್ಮ. ತಮ್ಮ ನೆಲ ನೋಡುತ್ತಿದ್ದ. ನಾನು ಮಧ್ಯೆ ಬಾಯಿ ಹಾಕಲೇಬೇಕಾಯಿತು. ಸ್ನಾನ ಮಾಡುತ್ತಾನೆ, ನೀರು ತೋಡಿಟ್ಟು, ಟವೆಲ್ ಕೊಟ್ಟು, ಬಾಗಿಲ ಹೊರಗೆ ನಿಂತರೆ. ಹೇಳದಿದ್ದರೆ ವಾರಗಟ್ಟಲೆ ಇಲ್ಲ. ಬಟ್ಟೆ ಬದಲಾಯಿಸುತ್ತಾನೆ, ನಾನು ಹಳೆಯದನ್ನು ತೆಗೆದಿಟ್ಟರೆ. ಹೊರಗೆ ಒಬ್ಬನೇ ಹೋದರೆ ರೈಲ್ವೆ ಗೇಟಿನವರೆಗೆ, ಅಲ್ಲಿಂದ ಆಚೆ ಹೋಗುವುದಿಲ್ಲ. ಡಾಕ್ಟರ್ ತಲೆಯಾಡಿಸಿ ಬರೆದುಕೊಂಡರು. ವಾಪಸ್ ಬರುವಾಗ ಬಸ್ಸಿನಲ್ಲಿ ದುದ್ದ ದಾಟುವವರೆಗೂ ಅಮ್ಮ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ, 'ಅವನ ಮುಂದೇನೇ ಎಲ್ಲಾ ಬಿಚ್ಚಿ ಹೇಳ್ತೀಯಲ್ಲೇ' ಅಂದರು.

ಅಮ್ಮ ಹೇಳಿದ್ದರಲ್ಲೂ ನ್ಯಾಯ ಇದೆ. ಅದಕ್ಕೇ ಈಗ ಅಂಗಡಿಯಲ್ಲಿ ಯಾರಾದರೂ ಕೇಳಿದರೆ, ಮನೆಯಲ್ಲಿ ದಿನ ಹೇಗೆ ಸಾಗುತ್ತದೆ ಅಂತ ಒಂದು ಪುಟ ಬರೆದುಕೊಂಡು ಹೋಗಿ ಡಾಕ್ಟರ ಕೈಗೆ ಕೊಡಿ ಅನ್ನುತ್ತೇನೆ. ಬರೆಯಲು ಬಾರದವರಿಗೆ ನಾನೇ ಟೈಪ್ ಮಾಡಿಕೊಡುತ್ತೇನೆ. ಒಳ್ಳೆ ದಿನದ್ದಲ್ಲ, ಸಾಧಾರಣ ದಿನದ್ದು ಬರೆಯಿರಿ.

ಎಂಆರ್‌ಡಬ್ಲ್ಯೂ ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಅಂತ ಒಂದು ಇಲಾಖೆ ಇದೆ. ಅದರ ಕೆಳಗೆ ಗ್ರಾಮ ಪಂಚಾಯಿತಿಗೊಬ್ಬ ವಿಆರ್‌ಡಬ್ಲ್ಯೂ, ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯೂ, ತಾಲ್ಲೂಕಿಗೊಬ್ಬ ಎಂಆರ್‌ಡಬ್ಲ್ಯೂ ಇರುತ್ತಾರೆ. ಪುನರ್ವಸತಿ ಕಾರ್ಯಕರ್ತರು ಅಂತ ಕರೆಯುತ್ತಾರೆ. ಸಾಮಾನ್ಯವಾಗಿ ಅವರೂ ವಿಕಲಚೇತನರೇ. ಗೌರವಧನ ಅಂತ ಸಿಗುವುದು ಅಷ್ಟರಲ್ಲೇ ಇದೆ, ಆದರೂ ಯಾವ ಅರ್ಜಿಗೆ ಯಾವ ಕಾಗದ, ಯಾವ ಮೇಜು, ಯಾವ ದಿನ ಅನ್ನುವುದು ಇವರ ನಾಲಗೆ ತುದಿಯಲ್ಲಿರುತ್ತದೆ. ಮಾಸಾಶನಕ್ಕೆ ಅರ್ಜಿ ಹಾಕುವ ಮೊದಲು ಇವರ ಹತ್ತಿರ ಹೋಗಿ. ಸುಮ್ನೆ ಮಧ್ಯವರ್ತಿಗೆ ದುಡ್ಡು ಸುರಿಯಬೇಡಿ. ನನ್ನ ಅಂಗಡಿ ಮುಂದೆಯೇ ಅಂಥವರು ಓಡಾಡುತ್ತಾರೆ, ಹೇಳಿದರೆ ನನ್ನ ಮೇಲೆ ಸಿಟ್ಟಾಗುತ್ತಾರೆ, ಆಗಲಿ.

ದುಡ್ಡಿನ ಮಾತು ಬಂತಲ್ಲ. ನೋಡಿಕೊಳ್ಳುವವರ ಭತ್ಯೆ ಅನ್ನುವ ಮಾತು 2016ರ ಕಾಯ್ದೆಯಲ್ಲೇ ಇದೆ, ಹೆಚ್ಚಿನ ನೆರವು ಬೇಕಾದ ವಿಕಲಚೇತನರಿಗೆ ಅಂತ. ಕರ್ನಾಟಕ ಸರ್ಕಾರ 2024-25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಆ ನಾಲ್ಕರಲ್ಲಿ ನಮ್ಮ ಕಾಯಿಲೆ ಇಲ್ಲ. ಮರೆವಿನ ಕಾಯಿಲೆಯೂ ಇಲ್ಲ. 1,000 ರೂಪಾಯಿಗೆ ಏನು ಬರುತ್ತದೆ ಅನ್ನಬಹುದು. ಪಟ್ಟಿಯಲ್ಲಿ ಹೆಸರಿದ್ದರೆ ಮುಂದಿನ ಸಲ ಜಾಸ್ತಿ ಕೇಳಲು ಒಂದು ದಾರಿಯಾದರೂ ಇರುತ್ತದೆ. ಇನ್ನೊಂದು, ಮನೆಯಲ್ಲಿ ಸಂಬಳದವರಿದ್ದರೆ ಆದಾಯ ತೆರಿಗೆಯ 80ಡಿಡಿ ನೋಡಿ. ಶೇ 40ರ ಸರ್ಟಿಫಿಕೇಟ್ ಇರುವವರು ನಮ್ಮನ್ನೇ ನಂಬಿಕೊಂಡಿದ್ದರೆ 75,000 ರೂಪಾಯಿ, ಶೇ 80 ಇದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಅಣ್ಣ ತಮ್ಮ ಅಕ್ಕ ತಂಗಿಯರೂ ಲೆಕ್ಕಕ್ಕೆ ಬರುತ್ತಾರೆ. ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ.

ರಾತ್ರಿ ಹೊತ್ತಿನ ವಿಷಯ ಬೇರೆ. ಕಚೇರಿ ಮುಚ್ಚಿರುತ್ತದೆ, ಡಾಕ್ಟರ್ ಫೋನ್ ಎತ್ತುವುದಿಲ್ಲ, ಇವನು ಎಲ್ಲ ಲೈಟ್ ಹಾಕಿಕೊಂಡು ಹಜಾರದಲ್ಲಿ ಓಡಾಡುತ್ತಿರುತ್ತಾನೆ. 14416, ಟೆಲಿಮಾನಸ್. 2022ರ ಅಕ್ಟೋಬರಿನಲ್ಲಿ ಶುರುವಾಗಿದ್ದು, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಾನಸಿಕ ತೊಂದರೆ ಇರುವವರೇ ಫೋನ್ ಮಾಡಬೇಕು ಅಂತೇನಿಲ್ಲ. ನಾನು ಟೆರೇಸಿಗೆ ಹೋಗಿ ಮಾಡಿದ್ದೆ. ತಮ್ಮ ಏನು ಮಾಡುತ್ತಿದ್ದಾನೆ ಅಂತ ಕೇಳಿದರು, ಕೈಗೆ ಸಿಗುವ ಹಾಗೆ ಚಾಕು ಗೀಕು ಇದೆಯಾ ಅಂತ ಕೇಳಿದರು, ಯಾವ ಮಾತ್ರೆ ಯಾವಾಗ ತಪ್ಪಿತು ಅಂತ ಕೇಳಿದರು. ಆಮೇಲೆ ನನ್ನ ನಿದ್ದೆ ಬಗ್ಗೆ ಕೇಳಿದರು. ಅವತ್ತು ಅವನನ್ನು ಆಸ್ಪತ್ರೆಗೆ ಹೊತ್ತೊಯ್ಯುವ ಪ್ರಮೇಯ ಬರಲಿಲ್ಲ. ಬಂದು ಯಾರೂ ಅವನನ್ನು ಹಿಡಿಯುವುದಿಲ್ಲ, ಅದು ಆಂಬುಲೆನ್ಸ್ ಸೇವೆಯಲ್ಲ, ತಿಳಿದಿರಲಿ. ಆದರೆ ಮಾತಾಡುತ್ತಾ ಮಾತಾಡುತ್ತಾ ನನ್ನ ಕೈ ನಡುಗುವುದು ನಿಂತಿತ್ತು.

ವಯಸ್ಸಾದವರ ಬಗ್ಗೆ ಕೇಳುವವರೇ ಈಗ ಜಾಸ್ತಿ. ಅದು ನನ್ನ ಮನೆಯ ಅನುಭವ ಅಲ್ಲ, ಗಿರಾಕಿಗಳಿಂದ ಕಲಿತಿದ್ದು. ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಬೆಂಗಳೂರಿನಲ್ಲಿರುವವರಿಗೆ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ ನಡೆಸುವ 1090 ಇದೆ. ಮರೆವಿನ ಕಾಯಿಲೆಯವರಿಗೆ ಇದೇ ಟ್ರಸ್ಟಿನ ಕೇಂದ್ರ ಕಸ್ತೂರಿನಗರದಲ್ಲಿದೆ. ಎಆರ್‌ಡಿಎಸ್‌ಐ ಅನ್ನುವ ಅಲ್ಜೈಮರ್ ಸಂಘ 1992ರಲ್ಲಿ ಕೇರಳದಲ್ಲಿ ಹುಟ್ಟಿದ್ದು, ಬೆಂಗಳೂರಿನಲ್ಲೂ ಶಾಖೆ ಇದೆ. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಜನಕ್ಕೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ತೊಂದರೆ ಇದೆ ಅಂತ 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳುತ್ತದೆ. ಅಷ್ಟೂ ಜನರ ಹಿಂದೆ ಒಬ್ಬ ಸೊಸೆಯೋ ಮಗಳೋ ರಾತ್ರಿ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿರುತ್ತಾಳೆ. ಕ್ಯಾನ್ಸರ್ ಕೈಮೀರಿದವರಿಗೆ ಬೆಂಗಳೂರಿನ ಕರುಣಾಶ್ರಯ 1999ರಿಂದ ಇದೆ, ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಪಾರ್ಕಿನ್ಸನ್‌ಗೆ ಪಿಡಿಎಂಡಿಎಸ್ ಅನ್ನುವ ಸಂಸ್ಥೆ ಊರೂರಲ್ಲಿ ಗುಂಪುಗಳನ್ನು ನಡೆಸುತ್ತದೆ, ಮನೆಯವರೂ ಹೋಗಿ ಕೂರಬಹುದು.

ಈ ಗುಂಪುಗಳ ಬಗ್ಗೆ ಸ್ವಲ್ಪ ಹೇಳಬೇಕು. ಬೆಂಗಳೂರಿನಲ್ಲಿ ಆಮೆಂಡ್ ಅಂತ ಇದೆ, ಮಾನಸಿಕ ಕಾಯಿಲೆಯವರ ಮನೆಯವರೇ ಕಟ್ಟಿಕೊಂಡದ್ದು. ಕೇರರ್ಸ್ ವರ್ಲ್ಡ್‌ವೈಡ್ ಅನ್ನುವ ಇನ್ನೊಂದು ಸಂಸ್ಥೆ 2012ರಿಂದ ಭಾರತ, ನೇಪಾಳ, ಬಾಂಗ್ಲಾದೇಶದ ಹಳ್ಳಿಗಳಲ್ಲಿ ನೋಡಿಕೊಳ್ಳುವವರದ್ದೇ ಗುಂಪುಗಳನ್ನು ಕಟ್ಟುತ್ತಿದೆ. ಕಾಯಿಲೆಯವರ ಗುಂಪಲ್ಲ, ನಮ್ಮದು. ನೋಡಿಕೊಳ್ಳುವವರ ಆರೋಗ್ಯ, ಅವರಿಗೊಂದು ಬಿಡುವು, ಮನೆಯಲ್ಲೇ ಕೂತು ಮಾಡುವ ದುಡಿಮೆ, ಇಂಥದ್ದರ ಬಗ್ಗೆ ಕೆಲಸ. ಇಂಥ ಗುಂಪು ಅರಸೀಕೆರೆಯಲ್ಲಿ ಇಲ್ಲವಲ್ಲ ಅಂತ ನನಗೆ ಹೊಟ್ಟೆಯುರಿ. ಹಾಗಂತ ಸುಮ್ಮನೆ ಕೂತಿಲ್ಲ. ಮಂಗಳವಾರ ಇಂಜೆಕ್ಷನ್ ಸಾಲಿನಲ್ಲಿ ಮೊದಮೊದಲು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಊರಿನವರೇ ಅಲ್ವಾ, ನಾಚಿಕೆ. ಒಂದು ದಿನ ಬಾಣಾವರದ ಕಡೆಯ ಒಬ್ಬರು ಮಗನ ಚೀಟಿ ಮರೆತು ಬಂದಿದ್ದರು. ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿದ್ದರು, ನನ್ನ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಕಾಪಿ ಇತ್ತು, ತರಿಸಿಕೊಟ್ಟೆ. ಅಲ್ಲಿಂದ ಮಾತು ಶುರು. ಈಗ 'ಮಂಗಳವಾರ' ಅಂತಲೇ ಒಂದು ವಾಟ್ಸ್ಆ್ಯಪ್ ಗುಂಪಿದೆ. ಗುಡ್ ಮಾರ್ನಿಂಗ್ ಹಾಕುವಂತಿಲ್ಲ, ಅದು ನನ್ನ ಕಟ್ಟಪ್ಪಣೆ. ಯಾವ ಮೆಡಿಕಲ್ ಶಾಪಿನಲ್ಲಿ ಯಾವ ಮಾತ್ರೆ ಸಿಗುತ್ತಿದೆ, ಈ ವಾರ ಡಾಕ್ಟರ್ ಬರುತ್ತಾರಾ, ಇಷ್ಟೇ. ಒಬ್ಬರು ಮಗಳ ಬಾಣಂತನಕ್ಕೆ ಹೋದಾಗ ಅವರ ಗಂಡನನ್ನು ಇಂಜೆಕ್ಷನ್ನಿಗೆ ಇನ್ನೊಬ್ಬರ ಮಗ ಬೈಕಿನಲ್ಲಿ ಕರೆತಂದ.

ನಮಗೆ ಬೇಕಾದ್ದು ಬಹಳ ಸಲ ಇದೇ. ಸಲಹೆಯಲ್ಲ, ನಾಲ್ಕು ದಿನ ಬಿಡುವು. ಸಂಬಂಧಿಕರಿಗೂ ನಾನು ಈಗ ಹಾಗೇ ಹೇಳುವುದು. 'ಏನಾದ್ರೂ ಬೇಕಾದ್ರೆ ಹೇಳು' ಅಂದರೆ, 'ಬರೋ ಶನಿವಾರ ಬಂದು ಎರಡು ದಿನ ಇರ್ತೀರಾ ಚಿಕ್ಕಮ್ಮಾ?' ಅಂತ ಕೇಳಿಬಿಡುತ್ತೇನೆ. ಕಡೂರಿನ ಚಿಕ್ಕಮ್ಮ ನಿಜವಾಗಿಯೂ ಬರುತ್ತಾರೆ. ಉಳಿದವರು ಸಲಹೆ ಕೊಡುವುದನ್ನಾದರೂ ನಿಲ್ಲಿಸಿದರು.

ಹಗಲು ಕೇಂದ್ರಗಳಿವೆ. ಮಾನಸಧಾರ ಅಂತ ಸರ್ಕಾರದ ಯೋಜನೆ, ಜಿಲ್ಲಾ ಮಟ್ಟದಲ್ಲಿ. ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬರುವುದು. ಜಿಲ್ಲಾ ಕೇಂದ್ರದಲ್ಲೇ ಮನೆಯಿದ್ದರೆ ಖಂಡಿತ ವಿಚಾರಿಸಿ. ತಾಲ್ಲೂಕಿನವರು ದಿನಾ ಅಷ್ಟು ದೂರ ಹೋಗಿ ಬರುವುದು ಆಗದ ಮಾತು. ಉಳಿಯುವ ವ್ಯವಸ್ಥೆ ಬೇಕೆಂದರೆ ಬೆಂಗಳೂರಿನಲ್ಲಿ 1964ರ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಶನ್, 1986ರ ರಿಚ್ಮಂಡ್ ಫೆಲೋಶಿಪ್ ಸೊಸೈಟಿ ಇವೆ. ಖರ್ಚು, ಜಾಗ ಎರಡನ್ನೂ ಮೊದಲೇ ಕೇಳಿಕೊಳ್ಳಬೇಕು.

ಖಾಸಗಿ ಕೇಂದ್ರಗಳ ವಿಷಯದಲ್ಲಿ ಕಣ್ಣು ತೆರೆದಿರಬೇಕು. ನನ್ನ ಕಾಲಿನ ಆಪರೇಷನ್ ಹೊತ್ತಿಗೆ ತಮ್ಮನನ್ನು ಒಂದು ತಿಂಗಳು ಬಿಡೋಣ ಅಂತ ಬೆಂಗಳೂರಿನ ಹೊರಗೆ ಒಂದು ಕಡೆ ಹೋಗಿದ್ದೆವು. ಕೆಳಗಡೆ ಸೋಫಾ, ಅಕ್ವೇರಿಯಂ, ಎಸಿ. ಮೂರು ತಿಂಗಳ ದುಡ್ಡು ಮುಂಗಡ ಅಂದರು, ಅದಿರಲಿ. ಮೊದಲ ತಿಂಗಳು ಮನೆಯವರು ನೋಡಲು ಬರುವಂತಿಲ್ಲ, ಫೋನೂ ಇಲ್ಲ ಅಂದರು. ಮೇಲಿನ ಕೋಣೆ ತೋರಿಸಿ ಅಂದರೆ, ಅಲ್ಲಿ ಈಗ ಕ್ಲೀನಿಂಗ್ ನಡೀತಿದೆ. ಮೆಟ್ಟಿಲ ಬಳಿ ಗ್ರಿಲ್‌ಗೆ ಬೀಗ. ನನ್ನ ಗಂಡ ಕಂಡಕ್ಟರ್ ದನಿಯಲ್ಲಿ, 'ನಡಿ, ಹೋಗೋಣ' ಅಂದರು. ಬಂದುಬಿಟ್ಟೆವು. ಇಂಥ ಕೇಂದ್ರಗಳೆಲ್ಲ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು, ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ, ಇದು 2017ರ ಕಾಯ್ದೆ. ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಕಾಯಿಲೆಯವರನ್ನು ಇಟ್ಟಿದ್ದ ಒಂದು ಖಾಸಗಿ ಕೇಂದ್ರಕ್ಕೆ 2001ರ ಆಗಸ್ಟಿನಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸತ್ತರು. ನೋಂದಣಿ ಪತ್ರ ತೋರಿಸಿ ಅಂತ ಕೇಳಲು ಸಂಕೋಚ ಬೇಡ.

ಪೆನ್ಷನ್ ವಿಷಯಕ್ಕೆ ಬರುತ್ತೇನೆ. ಅಪ್ಪ ಕೇಂದ್ರ ಸರ್ಕಾರದ ನೌಕರರಾಗಿದ್ದರಿಂದ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತಿದೆ. ಕಾಯಿಲೆಯಿಂದಾಗಿ ದುಡಿದು ತಿನ್ನಲಾಗದ ಮಗ ಅಥವಾ ಮಗಳಿಗೆ ಅಮ್ಮನ ನಂತರವೂ ಅದು ಜೀವನಪೂರ್ತಿ ಬರುತ್ತದೆ. ಆದರೆ ಹೆಸರನ್ನು ಪಿಪಿಒದಲ್ಲಿ, ಅಂದರೆ ಪಿಂಚಣಿ ಪಾವತಿ ಆದೇಶದಲ್ಲಿ, ಈಗಲೇ, ಅಮ್ಮ ಇರುವಾಗಲೇ ಸೇರಿಸಬಹುದು, ಅವನ ಪರವಾಗಿ ಯಾರು ತೆಗೆದುಕೊಳ್ಳಬೇಕು ಅಂತಲೂ ಬರೆದುಕೊಡಬಹುದು. ಆಮೇಲೆ ಓಡಾಡುವುದಕ್ಕಿಂತ ಇದು ಎಷ್ಟೋ ಸುಲಭ. ಅರಸೀಕೆರೆ ಮೈಸೂರು ವಿಭಾಗಕ್ಕೆ ಸೇರುತ್ತದೆ, ನಮ್ಮ ಕಾಗದ ಅಲ್ಲಿಗೆ ಹೋಗಿದೆ. ಕಾನೂನಿನ ಸಂದೇಹ ಏನೇ ಇದ್ದರೂ ವಕೀಲರಿಗೆ ದುಡ್ಡು ಕೊಡುವ ಮೊದಲು ಕೋರ್ಟ್ ಆವರಣದಲ್ಲೇ ಇರುವ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ಸಮಿತಿಗೆ ಹೋಗಿ. ಹೆಂಗಸರಿಗೂ ವಿಕಲಚೇತನರಿಗೂ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ. ಫೋನ್ 15100.

ಕೊನೆಯದಾಗಿ, ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ. ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ 'ನಾಮನಿರ್ದೇಶಿತ ಪ್ರತಿನಿಧಿ' ಅಂತ ಇದೆ. ಕಾಯಿಲೆ ಜೋರಾಗಿ ತನಗೆ ತೀರ್ಮಾನ ಮಾಡಲಾಗದಾಗ ತನ್ನ ಪರವಾಗಿ ಆಸ್ಪತ್ರೆಯಲ್ಲಿ ಯಾರು ಮಾತಾಡಬೇಕು ಅಂತ ಅವನೇ ಆರಿಸಬಹುದು. ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು, ಸಹಿ ಇಲ್ಲವೇ ಹೆಬ್ಬೆಟ್ಟು. ಆ ಕಡೆಯವರೂ ಒಪ್ಪಿಗೆ ಬರೆದುಕೊಡಬೇಕು. ಯಾವಾಗ ಬೇಕಾದರೂ ಬದಲಾಯಿಸಬಹುದು. ಅವನು ಚೆನ್ನಾಗಿದ್ದ ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ವಿಷಯ ಹೇಳಿದೆ. ನನ್ನ ಹೆಸರು ಟೈಪ್ ಮಾಡಿ ಪ್ರಿಂಟೂ ತೆಗೆದಿದ್ದೆ. ಅವನು ಪೂರ್ತಿ ಓದಿದ. ಪೆನ್ನು ತೆಗೆದುಕೊಂಡು ನನ್ನ ಹೆಸರಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಭಾವನ ಹೆಸರು ಬರೆದ.

'ಯಾಕೋ?' ಅಂದೆ.

'ನೀನು ಡಾಕ್ಟರ್ ಹತ್ರ ಜಾಸ್ತಿ ಮಾತಾಡ್ತೀಯ ಅಕ್ಕಾ,' ಅಂದ. 'ಭಾವ ಕೇಳಿದ್ದಕ್ಕಷ್ಟೇ ಹೇಳ್ತಾರೆ.'

ಹೊಸದಾಗಿ ಪ್ರಿಂಟ್ ತೆಗೆದುಕೊಟ್ಟೆ. ಇಬ್ಬರೂ ಸಹಿ ಹಾಕಿದರು. ಎರಡು ಕಾಪಿ, ಒಂದು ನಿಮ್ಹಾನ್ಸ್ ಫೈಲಿಗೆ, ಒಂದು ಬೀರುವಿಗೆ. ಪಿನ್ ಅವನೇ ಹೊಡೆದ.